ಬಲ, ಚಲನೆ ಪಾಠಕ್ಕೆ ಕೇರಂ ಬೋರ್ಡ್ ಸಾಕು

ಮುಂಬೈಲಿರೋ ನಮ್ಮ ಕನ್ನಡದ ಅಪ್ಪ ಅಮ್ಮಂದಿರಿಗೆ ಒಂದು ಸಲಹೆ, ಮಕ್ಕಳಿಗೆ ಫೋರ್ಸ್, ಫ್ರಿಕ್ಷನ್ ಡೆಫಿನಿಷನ್ ಬಾಯಿಪಾಠ ಮಾಡಿಸೋ ಮುಂಚೆ ಮನೇಲಿರೋ ಕೇರಂ ಬೋರ್ಡ್ ತೆಗೀರಿ.

ಬೋರ್ಡ್ ಚೆನ್ನಾಗಿ ಒರೆಸಿ, ಪುಸ್ತಕಕ್ಕೆ ಒಂದು ರಟ್ಟು ಒರಗಿಸಿ ಇಳಿಜಾರು ಮಾಡಿ, ಅದರ ಮೇಲಿಂದ ಸ್ಟ್ರೈಕರ್ ಜಾರಿಬಿಡೋಕೆ ಹೇಳಿ (ಬೆರಳಲ್ಲಿ ಹೊಡೆದ್ರೆ ಪ್ರತಿ ಸಲ ಒಂದೇ ಜೋರು ಬರಲ್ಲ, ಅದಕ್ಕೇ ಈ ರಟ್ಟು). ಎಲ್ಲಿ ನಿಲ್ತು ಅಂತ ಚಾಕ್‌ಪೀಸಲ್ಲಿ ಗುರುತು ಹಾಕ್ಸಿ, ಆಮೇಲೆ ಪೌಡರ್ ಹಾಕಿ ಅದೇ ಎತ್ತರದಿಂದ ಬಿಡಿ, ಈ ಸಲ ಇನ್ನೂ ದೂರ ಹೋಗುತ್ತೆ.

ಈಗ ಸ್ಟ್ರೈಕರ್ ಯಾಕೆ ನಿಲ್ತು ಅಂತ ಕೇಳಿ. ಸುಮಾರು ಮಕ್ಕಳು "ಜೋರು ಮುಗೀತು" ಅಂತಾರೆ, ಇಲ್ಲೇ ಸ್ವಲ್ಪ ಹೊತ್ತು ನಿಲ್ಲಿ ದಯವಿಟ್ಟು, ಉತ್ತರ ಹೇಳಿಬಿಡಬೇಡಿ, ಪೌಡರ್ ಏನು ಬದಲಾಯಿಸ್ತು ಅಂತ ಅವರೇ ಯೋಚಿಸ್ಲಿ. ಜೋರು ಖಾಲಿಯಾಗಿ ನಿಂತಿದ್ದಲ್ಲ, ಬೋರ್ಡಿನ ಘರ್ಷಣೆ ಅದನ್ನ ನಿಲ್ಸಿದ್ದು. ಘರ್ಷಣೆ ಪೂರ್ತಿ ಇಲ್ದೇ ಹೋಗಿ, ತಡೆಯೋಕೆ ಏನೂ ಇರದಿದ್ರೆ ಅದು ಅದೇ ವೇಗದಲ್ಲಿ ನೇರವಾಗಿ ಹೋಗ್ತಾನೇ ಇರ್ತಿತ್ತು, ನ್ಯೂಟನ್ 1687ರಲ್ಲಿ ಬರೆದ ಮೊದಲನೇ ನಿಯಮ ಇದೇ.

ಇದೇ ನಿಯಮಾನ ಲೋಕಲ್ ಟ್ರೈನಲ್ಲೂ ತೋರಿಸಬಹುದು, ಒಳಗೆ ಕಂಬ ಗಟ್ಟಿಯಾಗಿ ಹಿಡ್ಕೊಂಡು, ಬಾಗಿಲ ಹತ್ರ ಅಂತೂ ಬೇಡವೇ ಬೇಡ. ಗಾಡಿ ಹೊರಡುವಾಗ ಮೈ ಹಿಂದಕ್ಕೆ ವಾಲುತ್ತೆ, ಬ್ರೇಕ್ ಹಾಕಿದಾಗ ಮುಂದಕ್ಕೆ, ಯಾಕಂದ್ರೆ ಮೈ ಮೊದಲು ಹೇಗಿತ್ತೋ ಹಾಗೇ ಇರೋಕೆ ನೋಡುತ್ತೆ.

ಬಲ ಅಳೆಯೋ ಮಾನಕ್ಕೂ ನ್ಯೂಟನ್ ಅಂತಾನೇ ಹೆಸರು, ಒಂದು ನ್ಯೂಟನ್ ಅಂದ್ರೆ ಎಷ್ಟು ಅಂತ ಕೇಳಿದ್ರೆ ಸುಮಾರು 100 ಗ್ರಾಂ ತೂಕದ ಟೊಮೆಟೊ ಅಂಗೈ ಮೇಲಿಡಿ, ಅದು ಕೈಯನ್ನ ಕೆಳಗೆ ಒತ್ತೋ ಬಲ ಹೆಚ್ಚುಕಮ್ಮಿ ಅಷ್ಟೇ.