ಪೆಡಲ್ ತುಳಿದರೆ ಕಿರ್ರ್: ಸೈಕಲಿನ ಬಿಬಿ ಬಿಚ್ಚಿದ ನನ್ನ ಅನುಭವ

ಕುಂಬಳೆಯಿಂದ ಸೀತಾಂಗೋಳಿ ಕಡೆ ಚಡಾವು ಹತ್ತುವಾಗ ಬಲಗಾಲು ಒತ್ತಿದಾಗಲೆಲ್ಲ ಕಿರ್ರ್ ಅಂತಿತ್ತು. ಇಳಿಜಾರಿನಲ್ಲಿ ಶಬ್ದವೇ ಇಲ್ಲ. ಪಕ್ಕದ ತೋಟದವರು, "ಎಂತ ಭಾವ, ನೀವು ಬರುವುದು ಗೇಟಿನ ಆಚೆಯಿಂದಲೇ ಗೊತ್ತಾಗ್ತದಲ್ಲ" ಅಂತ ನಗಾಡಲು ಶುರು ಮಾಡಿದ್ದರು. ಸೈಕಲ್ ಅಂಗಡಿಯಲ್ಲಿ ತೋರಿಸಿದರೆ ಬಿಬಿ (ಬಾಟಮ್ ಬ್ರ್ಯಾಕೆಟ್, ಅಂದರೆ ಎರಡು ಪೆಡಲುಗಳ ನಡುವೆ ಫ್ರೇಮಿನೊಳಗೆ ಕೂರುವ ಶಾಫ್ಟ್ ಮತ್ತು ಬೇರಿಂಗ್) ಹೋಗಿದೆ, ಹೊಸದು ಹಾಕಬೇಕು ಅಂದರು. ಬಿಚ್ಚಿಯೂ ನೋಡಿರಲಿಲ್ಲ.

ಫ್ರೇಮಿನ ಕೊಳವೆಯೊಳಗೆ ಶಬ್ದ ಓಡಾಡುತ್ತದೆ, ಹಾಗಾಗಿ ಎಲ್ಲಿಂದ ಬಂದರೂ ಬಿಬಿಯಿಂದಲೇ ಬಂದ ಹಾಗೆ ಕೇಳುತ್ತದೆ. ಮೊದಲು ಸೀಟಿನಿಂದ ಎದ್ದು ನಿಂತು ತುಳಿದೆ. ಶಬ್ದ ಹೋಗಲಿಲ್ಲ, ಅಂದರೆ ಸೀಟಿನದ್ದಲ್ಲ. ಆಮೇಲೆ ಪೆಡಲ್ ಬಿಚ್ಚಿ ಮರೆಗೆ, ಅಂದರೆ ತಿರುಪಿನ ಸುತ್ತುಗಳಿಗೆ, ಗ್ರೀಸ್ ಹಚ್ಚಿ ಹಾಕಿದೆ (ಎಡಗಡೆ ಪೆಡಲಿನ ಮರೆ ಉಲ್ಟಾ, ನೆನಪಿರಲಿ), ಚೈನ್‌ರಿಂಗಿನ (ಪೆಡಲ್ ಪಕ್ಕದ ಹಲ್ಲಿನ ಚಕ್ರದ) ಬೋಲ್ಟುಗಳನ್ನೂ ಬಿಗಿ ಮಾಡಿದೆ. ಆದರೂ ಕಿರ್ರ್. ಇನ್ನು ಉಳಿದದ್ದು ಬಿಬಿ ಮಾತ್ರ.

ನನ್ನದು ಚೌಕ ತುದಿಯ ಶಾಫ್ಟ್ ಇರುವ ಮಾಮೂಲಿ ಕಾರ್ಟ್ರಿಜ್ ಬಿಬಿ, ಅಂದರೆ ಶಾಫ್ಟ್, ಬೇರಿಂಗ್ ಎಲ್ಲ ಒಂದೇ ತುಂಡಾಗಿ ಬರುವಂಥದ್ದು. ಇದಕ್ಕೆ ಎರಡು ಟೂಲ್ ಬೇಕೇ ಬೇಕು: ಕ್ರ್ಯಾಂಕನ್ನು (ಪೆಡಲ್ ಸಿಕ್ಕಿಸುವ ತೋಳು) ಎಳೆದು ತೆಗೆಯುವ ಪುಲ್ಲರ್, ಮತ್ತೆ ಕಪ್ಪಿನ (ಬಿಬಿಯನ್ನು ಫ್ರೇಮಿಗೆ ಬಿಗಿಯುವ ಮರೆ ಇರುವ ಬಳೆ) ಒಳಹಲ್ಲಿಗೆ ಕೂರುವ ಟೂಲ್. ಸುತ್ತಿಗೆಯಿಂದ ಬಡಿದು ಕ್ರ್ಯಾಂಕ್ ತೆಗೆಯುವ ಧೈರ್ಯ ಮಾಡಬೇಡಿ. ಕ್ರ್ಯಾಂಕಿನ ಬೋಲ್ಟ್ ತೆಗೆದ ಮೇಲೆ ಒಳಗೆ ವಾಷರ್ ಉಳಿದಿದೆಯಾ ನೋಡಿ, ಇದ್ದರೆ ಅದನ್ನೂ ತೆಗೆಯಿರಿ. ಆಮೇಲೆ ಪುಲ್ಲರನ್ನು ಕೈಯಲ್ಲೇ ಪೂರ್ತಿ ಒಳಗೆ ತಿರುಗಿಸಬೇಕು. ಅರ್ಧಕ್ಕೆ ಬಿಟ್ಟು ಎಳೆದರೆ ಅಲ್ಯೂಮಿನಿಯಂ ಮರೆ ಕಿತ್ತು ಬರುತ್ತದೆ, ಕ್ರ್ಯಾಂಕ್ ಕತೆ ಅಲ್ಲಿಗೆ ಮುಗಿಯಿತು.

ಎಡಗಡೆ ಕಪ್ಪು ಮಾಮೂಲಿ ಮರೆ. ಚೈನ್ ಇರುವ ಬಲಗಡೆಯದ್ದು ಉಲ್ಟಾ, ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. (ಇಟಾಲಿಯನ್ ಮರೆಯ ಫ್ರೇಮ್ ಆದರೆ ಎರಡೂ ಕಡೆ ಮಾಮೂಲಿಯೇ, ಆದರೆ ನಮ್ಮ ಕಡೆ ಅಂಥದ್ದು ಅಪರೂಪ.) ಅಲ್ಯೂಮಿನಿಯಂ ಫ್ರೇಮಿಗೆ ಉಕ್ಕಿನ ಕಪ್ಪು, ಮೇಲೆ ಕಡಲ ಉಪ್ಪುಗಾಳಿ, ಕಚ್ಚಿಕೊಳ್ಳದೆ ಇರುತ್ತದಾ? ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಒತ್ತಿದಾಗ ಟಕ್ ಅಂತ ಬಿಟ್ಟಿತು.

ಕಾರ್ಟ್ರಿಜ್ ಹೊರಗೆ ಎಳೆಯುತ್ತಿದ್ದ ಹಾಗೆ ಮುರಕಲ್ಲಿನ ಬಣ್ಣದ ಕೆಂಪು ನೀರು ಅಂಗಳಕ್ಕೆ ಸುರಿಯಿತು. ಮಳೆನೀರು ಸೀಟಿನ ಕೊಳವೆಯಿಂದ ಇಳಿದು ಅಲ್ಲೇ ನಿಂತಿತ್ತು, ಬಿಬಿಯ ಅಡಿಯಲ್ಲಿ ನೀರು ಹೋಗಲು ಇದ್ದ ಸಣ್ಣ ತೂತು ಕೆಸರಿನಿಂದ ಮುಚ್ಚಿಹೋಗಿತ್ತು. ಮರೆಯಲ್ಲಿ ಗ್ರೀಸಿನ ಲಕ್ಷಣವೇ ಇಲ್ಲ, ಬರೀ ಮರಳು. ಶಾಫ್ಟನ್ನು ಬೆರಳಲ್ಲಿ ತಿರುಗಿಸಿದರೆ ನುಣ್ಣಗೆ ತಿರುಗಿತು, ಅಲುಗಾಟವೂ ಇಲ್ಲ. ಅಂದರೆ ಬೇರಿಂಗ್ ಚೆನ್ನಾಗಿಯೇ ಇತ್ತು! ಒಣಗಿದ ಮರೆ ಫ್ರೇಮಿಗೆ ಉಜ್ಜುತ್ತಿದ್ದದ್ದೇ ಆ ಶಬ್ದ. ಕೈಗೆ ಗರಗರ ಅನಿಸಿದ್ದರೆ ಮಾತ್ರ ಹೊಸದು ಬೇಕಿತ್ತು.

ಸೀಮೆಎಣ್ಣೆಯಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಅದ್ದಿ ಮರೆಯ ಒಂದೊಂದು ಸಾಲನ್ನೂ ಉಜ್ಜಿದೆ. ಒರೆಸಿ ಒಣಗಿಸಿ ಗ್ರೀಸ್ ಧಾರಾಳವಾಗಿ ಬಳಿದೆ, ತಂತಿ ಹಾಕಿ ತೂತು ಬಿಡಿಸಿದೆ. ತೆಂಗಿನೆಣ್ಣೆ ಸಾಕಲ್ವಾ ಅಂತ ಕೇಳುವವರಿದ್ದಾರೆ, ಸಾಲದು, ಒಂದು ಜೋರು ಮಳೆಗೆ ತೊಳೆದು ಹೋಗುತ್ತದೆ. ವಾಪಸ್ ಹಾಕುವಾಗ ಬಲಗಡೆ ಮೊದಲು. ಶುರುವಿನ ಸುತ್ತುಗಳು ಕೈಯಲ್ಲೇ ಸಲೀಸಾಗಿ ಹೋಗಬೇಕು, ಬಿಗಿ ಅನಿಸಿದರೆ ಮರೆ ಅಡ್ಡ ಕೂತಿದೆ ಅಂತ ಅರ್ಥ, ಬಿಚ್ಚಿ ಪುನಃ ಹಾಕಿ. ಕಪ್ಪಿಗೆ 50ರಿಂದ 70 ನ್ಯೂಟನ್ ಮೀಟರ್ ಬಿಗಿ ಬೇಕು. ಟಾರ್ಕ್ ರೆಂಚ್ ಇಲ್ಲದಿದ್ದರೆ ಒಂದು ಅಡಿ ಉದ್ದದ ಹಿಡಿಯ ತುದಿಯಲ್ಲಿ ಸುಮಾರು 17 ಕಿಲೋ ಭಾರ ಹಾಕಿದರೆ 50 ಆಗುತ್ತದೆ.

ಕ್ರ್ಯಾಂಕ್ ಬೋಲ್ಟನ್ನು ಒಂದೆರಡು ಸವಾರಿ ಆದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ. ಸಡಿಲ ಇದ್ದಾಗಲೇ ತುಳಿದರೆ ಚೌಕದ ತೂತು ಉರುಟಾಗುತ್ತದೆ, ಆಮೇಲೆ ಹೊಸ ಕ್ರ್ಯಾಂಕೇ ಗತಿ. ಪುಲ್ಲರ್, ಹಲ್ಲಿನ ಟೂಲ್ ಎರಡೂ ಈಗ ನನ್ನಲ್ಲಿ ಉಂಟು. ಹತ್ತಿರದವರು ಕೇಳಿದರೆ ಕೊಡುತ್ತೇನೆ, ವಾಪಸ್ ತಂದುಕೊಟ್ಟರೆ ಆಯಿತು.