ಮಂಡಕ್ಕಿ ಅರಳುವುದಿಲ್ಲ, ಉಬ್ಬುತ್ತದೆ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಂಗಸೊಬ್ಬಳ ಮೇಲೆ ಒಂದು ಕತೆ ಬರೆದೆ. ಕಾಲ 1985. ಕತೆ ಬೇಗ ಕೂತಿತು, ಪದಕ್ಕಾಗಿ ತಡಕಾಡಿದ್ದೇ ಜಾಸ್ತಿ.

ಕರಡಿನಲ್ಲಿ ಒಂದು ಸಾಲಿತ್ತು: ‘ಕಾದ ಉಸುಕಿನಲ್ಲಿ ಅಕ್ಕಿ ಮಲ್ಲಿಗೆಯಂತೆ ಅರಳಿತು.’ ಓದೋಕೆ ಚೆಂದವೇ. ಆದರೆ ನಮ್ಮ ಕಡೆ ಅರಳು ಅಂದರೆ ಬೇರೆ ತಿನಿಸು. ನಾಗರ ಪಂಚಮಿಗೆ ಜೋಳ ಹುರಿದು ಮಾಡುತ್ತಾರಲ್ಲ, ಅದು. ಜೋಳ ಸಿಡಿದು ಬಿಚ್ಚಿಕೊಳ್ಳುತ್ತದೆ. ಮಂಡಕ್ಕಿಯ ದಾರಿಯೇ ಬೇರೆ. ಭತ್ತ ನೆನೆಸಿ, ಹುರಿದು, ಹೊಟ್ಟು ಬಿಡಿಸಿ, ಅಕ್ಕಿಗೆ ಉಪ್ಪು ಹಿಡಿಸಿ ಕಾದ ಉಸುಕಿಗೆ ಹಾಕಿದರೆ ಒಳಗಿನ ತೇವ ಒಮ್ಮೆಲೇ ಆವಿಯಾಗುತ್ತದೆ, ಕಾಳು ಇಡಿಯಾಗಿ ಉಬ್ಬುತ್ತದೆ. ದಿನವಿಡೀ ಅದನ್ನೇ ನೋಡುವವಳ ಕಣ್ಣಿಂದ ಕತೆ ಸಾಗುವಾಗ ‘ಅರಳಿತು’ ಅನ್ನೋದು ನನ್ನ ಮಾತಾಗುತ್ತದೆ. ಮಲ್ಲಿಗೆಯೂ ನನ್ನದೇ. ಸಾಲು ಹೀಗಾಯಿತು: ‘ಅಕ್ಕಿ ಉಬ್ಬಿತು. ಅವಳು ಜರಡಿ ಎತ್ತಿದಳು.’

ಪಾತ್ರದ ಬಾಯಲ್ಲಿ ಬಾರದ ಪದ ನಿರೂಪಣೆಯಲ್ಲೂ ಬೇಡ ಅಂತ ಕಟ್ಟಳೆ ಹಾಕಿಕೊಂಡಿದ್ದೇನೆ. ‘ಆಕೆಯ ಮನ ತಲ್ಲಣಿಸಿತು’ ಥರದ್ದನ್ನು ಯಾರ ಕತೆಗೆ ಬೇಕಾದರೂ ಅಂಟಿಸಬಹುದು, ಅದಕ್ಕೇ ನನಗೆ ಅನುಮಾನ.

ಕಾಲವೂ ಪದ ಆರಿಸುತ್ತದೆ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಚಿತ್ರದುರ್ಗ ಜಿಲ್ಲೆ. ಹಾಗಾಗಿ ಜಮೀನಿನ ಕಾಗದಕ್ಕೆ ನನ್ನ ಪಾತ್ರ ‘ದುರ್ಗಕ್ಕೆ’ ಹೋಗುತ್ತಾಳೆ. ಬಸ್ ಚಾರ್ಜು, ತಪ್ಪಿದ ಕೂಲಿ ಎಲ್ಲಾ ಆ ಒಂದು ಪದದಲ್ಲೇ ಬಂತು.

ಸಂಭಾಷಣೆಯಲ್ಲಿ ನಾನು ಕೈ ಬಿಗಿ ಹಿಡಿಯುತ್ತೇನೆ. ‘ಯಕ್ಕಾ, ಹೊಟ್ಟು ಮುಗೀತು. ಒಲಿ ಆರ್ತೈತಿ ನೋಡು.’ ಇಷ್ಟು ಆಡುಮಾತು ಸಾಕು. ಪ್ರತಿ ಪದವನ್ನೂ ಸೊಟ್ಟ ಮಾಡಿದರೆ ಓದುಗರು ಕತೆ ಬಿಟ್ಟು ಕಾಗುಣಿತ ಓದುತ್ತಾರೆ. ಅವಳು ಚಳ್ಳಕೆರೆ ಕಡೆಯವಳಾಗಿದ್ದರೆ ‘ಐತೆ’ ಅನ್ನುತ್ತಿದ್ದಳು, ಅದನ್ನು ಮಾತ್ರ ನೋಡಿಕೊಳ್ಳಬೇಕು.

ಇದಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಕರೆಯುವ ಮಾತು. ಭಟ್ಟಿ ಮಾಲೀಕನನ್ನು ಅವಳು ‘ಸಾವ್ಕಾರ್ರೆ’ ಅನ್ನುತ್ತಾಳೆ. ಬಾಕಿ ಕೂಲಿ ಕೇಳುವ ದಿನ ಬಾಯಿಂದ ‘ಅಣ್ಣಾ’ ಬರುತ್ತದೆ. ಅವನು ಕೊಡದಿದ್ದಾಗ ಏನೂ ಕರೆಯದೆ, ‘ನಾಳೆಯಿಂದ ಬರಂಗಿಲ್ಲ’ ಅಂತಾಳೆ. ಅವಳ ಸಿಟ್ಟಿನ ಬಗ್ಗೆ ಒಂದು ಪ್ಯಾರಾ ಬರೆದಿಟ್ಟಿದ್ದೆ. ಈ ಮೂರು ಸಿಕ್ಕ ಮೇಲೆ ಅದನ್ನು ಹೊಡೆದು ಹಾಕಿದೆ.

ಬೆಂಗಳೂರಿನ ಗೆಳತಿಯೊಬ್ಬಳು ಓದಿ, ‘ನರ್ಗಿಸ್ ಮಂಡಕ್ಕಿ ಅಂದ್ರೇನೇ? ಅಡಿಟಿಪ್ಪಣಿ ಹಾಕು’ ಅಂದಳು. ಹಾಕಲಿಲ್ಲ. ಕತೆಯಲ್ಲಿ ಹುಡುಗ ಅದನ್ನು ಮುಕ್ಕಿ, ಹುರಿಗಡಲೆ ಪುಡಿ ಅಂಟಿದ ಬೆರಳನ್ನು ಚಡ್ಡಿಗೆ ಒರೆಸಿಕೊಳ್ಳುತ್ತಾನೆ. ಅಷ್ಟರಲ್ಲಿ ಗೊತ್ತಾಗುತ್ತೆ ಅಲ್ವಾ? ‘ಪುರಿ’ ಅಂತ ಬದಲಿಸು ಅಂದಿದ್ದರೆ ಜಗಳವೇ ಆಡುತ್ತಿದ್ದೆ.