ಹಳೆಯ ಇಂಗ್ಲಿಷಿನ ಮುಂದಾಳುಗಳ ಹೆಸರುಗಳನ್ನು ಕನ್ನಡಿಸುವ ಕ್ರಮ

ಚಿತ್ರದುರ್ಗದಲ್ಲಿ ‘ನಾಯಕ’ ಎಂದೊಡನೆ ಮದಕರಿ ನಾಯಕರು ನೆನಪಾಗುವುದು ಸಹಜ. ಅದರಿಂದಲೇ ಇರಬೇಕು, ಇಲ್ಲಿ ಇಂಗ್ಲಿಷ್ ಓದುವ ವಿದ್ಯಾರ್ಥಿಗಳು ಮುಂದಾಳುತನವನ್ನು ಸೂಚಿಸುವ ಯಾವ ಹಳೆಯ ಪದ ಎದುರಾದರೂ ‘ನಾಯಕ’ ಎಂದೇ ಬರೆದುಬಿಡುತ್ತಾರೆ. 1066ರ ನಾರ್ಮನ್ ಆಕ್ರಮಣಕ್ಕೆ ಹಿಂದಿನ ಇಂಗ್ಲಿಷಿನಲ್ಲಿ ಇಂತಹ ಅನೇಕ ಹೆಸರುಗಳು ಜೋಡುಪದಗಳಾಗಿದ್ದು, ಅವುಗಳನ್ನು ಬಿಡಿಸದೆ ಅನುವಾದಿಸಬಾರದು.

ಮೊದಲು ಉಚ್ಚಾರಣೆಯನ್ನು ಸರಿಪಡಿಸಿಕೊಳ್ಳಿ. ಎರಡು ಸ್ವರಗಳ ನಡುವಿನ ‘ಎಫ್’ ಅನ್ನು ‘ವ’ ಎಂದೂ, ‘ಎಸ್‌ಸಿ’ ಜೋಡಿಯನ್ನು ಸಾಮಾನ್ಯವಾಗಿ ‘ಶ’ ಎಂದೂ ಓದಬೇಕು. ಅನಂತರ ಪದವನ್ನು ಎರಡಾಗಿ ಬಿಡಿಸಿ, ಪ್ರತಿ ತುಂಡಿನ ಅರ್ಥವನ್ನು ಬೇರೆಬೇರೆಯಾಗಿ ಬರೆದುಕೊಳ್ಳಿ.

ಇಂದಿನ ‘ಲಾರ್ಡ್’ ಹಿಂದೆ ‘ಹ್ಲಾವೊರ್ಡ್’ ಆಗಿತ್ತು. ಅದಕ್ಕೂ ಹಿಂದಿನ ರೂಪದಲ್ಲಿ ‘ಹ್ಲಾಫ್’ ಎಂದರೆ ರೊಟ್ಟಿ, ‘ವೆಆರ್ಡ್’ ಎಂದರೆ ಕಾಯುವವನು. ರೊಟ್ಟಿಯನ್ನು ಕಾಯುವವನೇ ಒಡೆಯ. ಅವನ ಆಶ್ರಯದಲ್ಲಿದ್ದವನನ್ನು ಕೆಂಟ್ ಪ್ರಾಂತ್ಯದ ದೊರೆ ಎಥೆಲ್‌ಬರ್ಟನ ಕಾನೂನು ‘ರೊಟ್ಟಿ ತಿನ್ನುವವನು’ ಎಂದೇ ಕರೆಯುತ್ತದೆ. ಒಡೆಯನ ಜೋಳ ಉಂಡ ವೀರನು ಅವನಿಗಾಗಿ ಪ್ರಾಣ ಕೊಡುವ ಕರ್ತವ್ಯವನ್ನು ಹಳಗನ್ನಡದಲ್ಲಿ ‘ಜೋಳವಾಳಿ’ ಎನ್ನುತ್ತಾರಲ್ಲವೇ? ಜೋಳದ ರೊಟ್ಟಿಯ ಸೀಮೆಯ ನಮಗೆ ಆ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಇಲ್ಲಿ ‘ನಾಯಕ’ ಬೇಡ, ‘ಒಡೆಯ’ ಎಂದು ಬರೆಯಿರಿ.

‘ಹೆರೆತೊಗ’ ಎಂಬಲ್ಲಿ ‘ಹೆರೆ’ ಎಂದರೆ ದಂಡು, ‘ತೊಗ’ ಎಂದರೆ ಮುನ್ನಡೆಸುವವನು. ಇದಕ್ಕೆ ಹೊಂದುವ ‘ದಂಡನಾಯಕ’, ‘ದಣ್ಣಾಯಕ’ ಎಂಬ ಪದಗಳು ನಮ್ಮಲ್ಲೇ ಇವೆ. ‘ಎಆಲ್ಡೊರ್‌ಮನ್’ನಲ್ಲಿ ಹಿರಿತನದ ಅರ್ಥವಿದೆ. ‘ಶೆರಿಫ್’ನ ಹಳೆಯ ರೂಪ ‘ಶೀರ್‌ಯೆರೇವ’, ಅಂದರೆ ಸೀಮೆಯಲ್ಲಿ ದೊರೆಯ ಪರವಾಗಿ ಆಡಳಿತ ನೋಡುವ ಅಧಿಕಾರಿ. ಅವನನ್ನು ‘ಗೌಡ’ ಎಂದರೆ ಊರಿನ ಮಟ್ಟಕ್ಕೆ ಇಳಿಸಿದಂತಾಗುತ್ತದೆ. ‘ಅಮಲ್ದಾರ’ ಎಂಬುದು ಹೆಚ್ಚು ಹತ್ತಿರ.

ತುಂಡುಗಳ ಅರ್ಥವನ್ನು ಊಹಿಸಲು ಮಾತ್ರ ಹೋಗಬೇಡಿ. ‘ಸ್ಟೀವರ್ಡ್’ ಮೂಲತಃ ಹಂದಿಗೂಡಿನ ಕಾವಲುಗಾರ ಎಂಬ ಕಥೆ ಬಹಳ ಪ್ರಚಾರದಲ್ಲಿದೆ, ಆದರೆ ಅದಕ್ಕೆ ಆಧಾರವಿಲ್ಲ. ಮೊದಲ ತುಂಡು ಬಹುಶಃ ಮನೆಯನ್ನೋ ಅದರ ಒಂದು ಭಾಗವನ್ನೋ ಸೂಚಿಸುತ್ತದೆಂದು ನಿಘಂಟುಕಾರರು ಹೇಳುತ್ತಾರೆ. ಒಳ್ಳೆಯ ವ್ಯುತ್ಪತ್ತಿ ನಿಘಂಟನ್ನು ನೋಡಿಯೇ ಬರೆಯಿರಿ.

ನನಗೆ ಅತ್ಯಂತ ಪ್ರಿಯವಾದ ಪದ ‘ಲಾಟ್‌ಥೇಓವ್’. ‘ಲಾಡ್’ ಎಂದರೆ ದಾರಿ, ‘ಥೇಓವ್’ ಎಂದರೆ ಆಳು. ದಾರಿ ತೋರಿಸುವವನು ದಾರಿಯ ಆಳು. ಒಮ್ಮೆ ವಿದ್ಯಾರ್ಥಿಗಳೊಡನೆ ಕೋಟೆ ಹತ್ತುವಾಗ ನಮ್ಮ ಗೈಡ್ ಕಲ್ಲುಮೆಟ್ಟಿಲುಗಳ ನಡುವೆ ಮಾತು ನಿಲ್ಲಿಸಿ, ನಾಲ್ಕು ಮೆಟ್ಟಿಲು ಕೆಳಗಿಳಿದು, ಹಿಂದುಳಿದಿದ್ದ ಅಜ್ಜಿಯೊಬ್ಬರ ಕೈಹಿಡಿದು, ಅವರು ಸುಧಾರಿಸಿಕೊಂಡ ಮೇಲೆಯೇ ಓಬವ್ವನ ಕಿಂಡಿಯತ್ತ ನಡೆದರು. ಅಂದು ಈ ಪದವನ್ನು ವಿವರಿಸಲು ನನಗೆ ಬೇರೆ ಉದಾಹರಣೆ ಬೇಕಾಗಲಿಲ್ಲ. ‘ಗೈಡ್’ ಎಂಬುದು ಮುಂದೆ ಫ್ರೆಂಚಿನಿಂದ ಬಂದ ಪದ. ಹಳೆಯ ‘ಲಾಡ್’ ಇಂದು ಧ್ರುವ ನಕ್ಷತ್ರದ ಹೆಸರಾದ ‘ಲೋಡ್‌ಸ್ಟಾರ್’ನಲ್ಲಿ ಉಳಿದಿದೆ. ಇದನ್ನು ಕನ್ನಡಿಸುವಾಗ ‘ಮಾರ್ಗದರ್ಶಕ’ ಎಂಬ ಸಿದ್ಧಪದವನ್ನು ಬಿಟ್ಟು ‘ದಾರಿಯಾಳು’ ಎಂದು ಬರೆದು ನೋಡಿ. ‘ಮುಂದಾಳು’ವಿನಲ್ಲಿರುವ ‘ಆಳು’ ಆಗ ನಿಮ್ಮ ಕಿವಿಗೂ ಬೀಳುತ್ತದೆ.